ಪವರ್ ಬಿಐಗೆ (ಮೈಕ್ರೋಸಾಫ್ಟ್‌ನ ಡೇಟಾ ವರದಿ ತಂತ್ರಾಂಶ) ನಾನು ಕೊಟ್ಟ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಅದರ ‘ಎಂ’ ಭಾಷೆಗೆ ಹೇಗೆ ಬದಲಾಗಿದೆ ಅಂತ ಎಲ್ಲಿ ನೋಡಬಹುದು?

ಪವರ್ ಬಿಐನಲ್ಲಿ ಡೇಟಾ ಸಿದ್ಧಪಡಿಸುವ ಕಿಟಕಿಯಾದ ಪವರ್ ಕ್ವೆರಿ ಎಡಿಟರ್‌ನ ಹೋಮ್ ಟ್ಯಾಬ್‌ನಲ್ಲಿ ‘ಅಡ್ವಾನ್ಸ್ಡ್ ಎಡಿಟರ್’ ಒತ್ತಿ. ಎಂ ಕೋಡ್ ಪೂರ್ತಿ ಅಲ್ಲೇ ಇದೆ.

ಆದರೆ ಅನುವಾದ ಏನೂ ಆಗಿರುವುದಿಲ್ಲ! ನೀವು ಎಸ್‌ಕ್ಯೂಎಲ್ ಸರ್ವರ್‌ಗೆ ಕನೆಕ್ಟ್ ಆಗುವಾಗ ಅಂಟಿಸಿದ ಸಾಲುಗಳನ್ನು ‘ಎಸ್‌ಕ್ಯೂಎಲ್ ಡಾಟ್ ಡೇಟಾಬೇಸ್’ ಫಂಕ್ಷನ್ನಿನೊಳಗೆ ಸುಮ್ನೆ ಹಾಗೇ ತುರುಕಿರುತ್ತದೆ. ಎಂಟರ್ ಒತ್ತಿದ ಕಡೆಯೆಲ್ಲ ‘#(ಎಲ್‌ಎಫ್)’ ಕಾಣಿಸುತ್ತದೆ. ಗಾಬರಿ ಬೇಡ, ಅದು ಹೊಸ ಸಾಲಿನ ಗುರುತು ಅಷ್ಟೇ.

ನಿಜವಾದ ಅನುವಾದ ನಡೆಯುವುದು ಉಲ್ಟಾ, ಎಂನಿಂದ ಎಸ್‌ಕ್ಯೂಎಲ್‌ಗೆ. ಎಸ್‌ಕ್ಯೂಎಲ್ ಬರೆಯದೆ ಟೇಬಲ್ಲನ್ನೇ ಆರಿಸಿ, ಒಂದು ಫಿಲ್ಟರ್ ಹಾಕಿ. ಬಲಗಡೆ ‘ಅಪ್ಲೈಡ್ ಸ್ಟೆಪ್ಸ್’ನಲ್ಲಿ ಆ ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ ‘ವ್ಯೂ ನೇಟಿವ್ ಕ್ವೆರಿ’ ಆರಿಸಿದರೆ ನಿಮ್ಮ ಫಿಲ್ಟರ್ ಎಸ್‌ಕ್ಯೂಎಲ್‌ನ ‘ವೇರ್’ (WHERE) ಷರತ್ತಾಗಿ ಕೂತಿರುತ್ತದೆ. ಆ ಆಯ್ಕೆಯೇ ಮಂಕಾಗಿದ್ದರೆ, ಆ ಕೆಲಸ ಸರ್ವರ್‌ಗೆ ಹೋಗದೆ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತಿರುವ ಸಾಧ್ಯತೆ ಜಾಸ್ತಿ.