ಓದುಗರ ಪ್ರಶ್ನೆ: ಡಿಸ್ನಿ ಟೈಮ್‌ಶೇರ್ ರೀಸೇಲ್‌ನಲ್ಲಿ ಚೌಕಾಸಿ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಟೆಕ್ಸಾಸ್‌ನ ಪ್ಲೇನೊದಲ್ಲಿದ್ದೇವೆ. ಮಕ್ಕಳಿನ್ನೂ ಚಿಕ್ಕವರು, ಕ್ರಿಸ್‌ಮಸ್ ರಜೆಗೆ ಒರ್ಲಾಂಡೊಗೆ ಹೋಗುವುದು ಮನೆಯ ರೂಢಿಯಾಗಿಬಿಟ್ಟಿದೆ. ಹೋಟೆಲ್ ಖರ್ಚು ತಡೆಯಲಾಗದೆ ಡಿಸ್ನಿ ವೆಕೇಶನ್ ಕ್ಲಬ್ ಟೈಮ್‌ಶೇರನ್ನು (ಅವರ ರೆಸಾರ್ಟುಗಳಲ್ಲಿ ಪ್ರತಿ ವರ್ಷ ಉಳಿದುಕೊಳ್ಳುವ ಪಾಲು) ರೀಸೇಲ್‌ನಲ್ಲಿ, ಅಂದರೆ ಈಗಿನ ಸದಸ್ಯರಿಂದ, ಕೊಳ್ಳೋಣ ಅಂತ ನೋಡುತ್ತಿದ್ದೇವೆ. ಎರಡು ಕಾಂಟ್ರಾಕ್ಟ್ ಸಿಕ್ಕಿವೆ. ಎರಡೂ ಸರಟೋಗ ಸ್ಪ್ರಿಂಗ್ಸ್ ರೆಸಾರ್ಟಿನವು, ಎರಡೂ 160 ಪಾಯಿಂಟಿನವು, ಅಂದರೆ ರೂಮು ಬುಕ್ ಮಾಡಲು ವರ್ಷಕ್ಕೆ ಅಷ್ಟು ಪಾಯಿಂಟ್ ಸಿಗುತ್ತದೆ. ಒಂದಕ್ಕೆ ಪಾಯಿಂಟಿಗೆ 105 ಡಾಲರ್ ಕೇಳುತ್ತಿದ್ದಾರೆ. ಅದು ಡಿಸೆಂಬರ್ ಯೂಸ್ ಇಯರ್ (ಪಾಯಿಂಟಿನ ವರ್ಷ ಡಿಸೆಂಬರ್‌ನಲ್ಲಿ ಶುರು), ಹೋದ ವರ್ಷದ ಪಾಯಿಂಟ್ ಪೂರ್ತಿ ಬ್ಯಾಂಕ್ ಆಗಿದೆ, ಅಂದರೆ ಮುಂದಿನ ವರ್ಷಕ್ಕೆ ಉಳಿಸಿಟ್ಟಿದ್ದಾರೆ, ಈ ವರ್ಷದ್ದೂ ಖರ್ಚಾಗದೆ ಹಾಗೇ ಇದೆ. ಇನ್ನೊಂದು 98 ಡಾಲರ್, ಫೆಬ್ರವರಿ ಯೂಸ್ ಇಯರ್. ಆದರೆ ಈ ವರ್ಷದ ಪಾಯಿಂಟೂ ಮುಂದಿನ ವರ್ಷದ ಪಾಯಿಂಟೂ ಖರ್ಚಾಗಿವೆ. ನಮ್ಮ ಯಜಮಾನರು 98ರದ್ದನ್ನೇ 90ಕ್ಕೆ ಇಳಿಸಿ ತೆಗೆದುಕೊಳ್ಳೋಣ ಅನ್ನುತ್ತಾರೆ. ಸರಿಯೇ?

ಉತ್ತರ: ನಿಮ್ಮ ಯಜಮಾನರು 90 ಅಂದದ್ದು ಸರಿಯಾದ ಅಂಕಿಯೇ. ಆದರೆ ಅದನ್ನು ಚೌಕಾಸಿ ಅಂತ ಕೇಳಬೇಡಿ, ಹಕ್ಕು ಅಂತ ಕೇಳಿ. ಯಾಕೆ ಅಂತ ಹೇಳುತ್ತೇನೆ.

ಈ ಕಾಂಟ್ರಾಕ್ಟಿಗೆ ಪ್ರತಿ ವರ್ಷ ನಿರ್ವಹಣಾ ಶುಲ್ಕ, ಎಲ್ಲರೂ ಡ್ಯೂಸ್ ಅನ್ನುವುದು, ಕಟ್ಟಬೇಕು. ಬಿಲ್ ಜನವರಿಯಲ್ಲಿ ಬರುತ್ತದೆ. ಲೆಕ್ಕಕ್ಕೆ ಪಾಯಿಂಟಿಗೆ 9 ಡಾಲರ್ ಅಂತ ಇಟ್ಟುಕೊಳ್ಳಿ, 160 ಪಾಯಿಂಟಿಗೆ 1440 ಡಾಲರ್. ಎರಡನೇ ಕಾಂಟ್ರಾಕ್ಟಿನವರು ಮುಂದಿನ ವರ್ಷದ ಪಾಯಿಂಟನ್ನು ಈಗಲೇ ಎರವಲು ಪಡೆದು ಮುಗಿಸಿದ್ದಾರೆ. ಬರುವ ಜನವರಿಗೆ ಕಾಂಟ್ರಾಕ್ಟ್ ನಿಮ್ಮ ಹೆಸರಿನಲ್ಲಿರುತ್ತದೆ, ಬಿಲ್ಲೂ ನಿಮ್ಮ ಹೆಸರಿಗೇ ಬರುತ್ತದೆ. ಅವರು ಉಳಿದುಕೊಂಡು ಬಂದ ರೂಮಿಗೆ ನೀವು ದುಡ್ಡು ಕಟ್ಟಿದ ಹಾಗಾಯಿತು, ಅಲ್ವಾ? ಹಾಗಾಗಿ ಆ 1440 ಡಾಲರನ್ನು ಮಾರುವವರು ಕ್ಲೋಸಿಂಗ್‌ನಲ್ಲಿ, ಅಂದರೆ ವ್ಯವಹಾರ ಮುಗಿಸುವಾಗ, ನಿಮಗೆ ಬಿಟ್ಟುಕೊಡಬೇಕು, ಅದು ಕಾಂಟ್ರಾಕ್ಟಿನಲ್ಲಿ ಬರೆದಿರಬೇಕು. 98ರಲ್ಲಿ 9 ಹೋದರೆ 89. ಅಂದರೆ ಇಷ್ಟಾದ ಮೇಲೂ ನಿಜವಾದ ಚೌಕಾಸಿ ಇನ್ನೂ ಶುರುವೇ ಆಗಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು 16,800 ಡಾಲರ್. ಎರಡನೆಯದು ಡ್ಯೂಸ್ ಕಳೆದು 14,240. ವ್ಯತ್ಯಾಸ 2560. ಎರಡನೆಯದರಲ್ಲಿ ನಿಮಗೆ ಮೊದಲ ಪಾಯಿಂಟ್ ಸಿಗುವ ಹೊತ್ತಿಗೆ ಮೊದಲನೆಯದು ಮೂರು ಕಂತು ಕೊಟ್ಟಿರುತ್ತದೆ: ಬ್ಯಾಂಕ್ ಆದ 160, ಈ ವರ್ಷದ 160, ಮುಂದಿನ ವರ್ಷದ 160. ಒಂದು ಪಾಯಿಂಟಿಗೆ 15 ಡಾಲರ್ ಬೆಲೆ ಅಂತ ಸ್ವಲ್ಪ ಕಮ್ಮಿಯೇ ಹಿಡಿದರೂ ಒಟ್ಟು 7200. ಅದರಲ್ಲಿ ಎರಡು ವರ್ಷದ ಡ್ಯೂಸ್ 2880 ನಿಮ್ಮದು. ಉಳಿಯುವುದು 4320. ಹೀಗೆ ನೋಡಿದರೆ 105ರ ಕಾಂಟ್ರಾಕ್ಟೇ ಅಗ್ಗ.

ಆದರೆ ಇಲ್ಲೊಂದು ತೊಡಕಿದೆ. ಬ್ಯಾಂಕ್ ಮಾಡಿದ ಪಾಯಿಂಟನ್ನು ಇನ್ನೊಮ್ಮೆ ಬ್ಯಾಂಕ್ ಮಾಡಲು ಬರುವುದಿಲ್ಲ. ಡಿಸೆಂಬರ್ ಯೂಸ್ ಇಯರ್ ಅಂದರೆ ನವೆಂಬರ್ 30ರೊಳಗೆ ಖರ್ಚಾಗಬೇಕು, ಇಲ್ಲವೇ ಹೋಯಿತು. ರೀಸೇಲ್ ವ್ಯವಹಾರ ಮುಗಿದು ಖಾತೆ ನಿಮ್ಮ ಕೈಗೆ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ನೀವು ಹೋಗುವುದು ಕ್ರಿಸ್‌ಮಸ್‌ಗೆ. ಬೇಸಿಗೆ ರಜೆಯಲ್ಲಿ ಇನ್ನೊಂದು ಸಲ ಹೋಗುವ ಯೋಚನೆ ಇಲ್ಲದಿದ್ದರೆ ಆ 160 ಪಾಯಿಂಟ್ ನಿಮ್ಮ ಪಾಲಿಗೆ ಸೊನ್ನೆ. ಆಗ ಲೆಕ್ಕ ತಿರುಗಿಬೀಳುತ್ತದೆ: 4320ರಲ್ಲಿ 2400 ಕಳೆದು 1920 ಆಗುತ್ತದೆ, ಕೊಡುವ ಹೆಚ್ಚುವರಿ ದುಡ್ಡು ಮಾತ್ರ 2560.

ನಿಮ್ಮ ಚೌಕಾಸಿ ಇಲ್ಲಿಂದ ಶುರುವಾಗಲಿ. ಮೊದಲನೆಯವರ ಬ್ರೋಕರ್‌ಗೆ ನೇರವಾಗಿ ಬರೆಯಿರಿ: "ಬ್ಯಾಂಕ್ ಆದ ಪಾಯಿಂಟ್ ನಮಗೆ ಉಪಯೋಗಕ್ಕೆ ಬರುವುದಿಲ್ಲ, ಅವರೇ ಬಳಸಲಿ ಅಥವಾ ಯಾರಿಗಾದರೂ ಬಾಡಿಗೆಗೆ ಕೊಡಲಿ, ನಮಗೆ ಬೆಲೆ ಕಮ್ಮಿ ಮಾಡಿ." ಮಾರುವವರಿಗೂ ಇದು ಒಳ್ಳೆಯದೇ, ಅವರಿಗೆ ಎರಡು ಕಡೆಯಿಂದ ದುಡ್ಡು ಬರುತ್ತದೆ. 98 ಅಂತ ಶುರು ಮಾಡಿ, 101ರವರೆಗೆ ಹೋಗಬಹುದು. 101ಕ್ಕೆ ಎರಡೂ ಕಾಂಟ್ರಾಕ್ಟ್ ಸಮವಾಗುತ್ತವೆ, ಆಮೇಲೆ ಯೂಸ್ ಇಯರ್ ನೋಡಿ ತೀರ್ಮಾನಿಸಿ. ನನ್ನ ಮನಸ್ಸು ಡಿಸೆಂಬರ್ ಕಡೆಗೇ. ಪಾಯಿಂಟ್ ಬ್ಯಾಂಕ್ ಮಾಡಲು ಯೂಸ್ ಇಯರ್‌ನ ಮೊದಲ ಎಂಟು ತಿಂಗಳು ಮಾತ್ರ ಅವಕಾಶ. ಫೆಬ್ರವರಿಯದಾದರೆ ಸೆಪ್ಟೆಂಬರ್ ಕೊನೆಗೆ ಬಾಗಿಲು ಮುಚ್ಚುತ್ತದೆ. ಏನೋ ಕಾರಣಕ್ಕೆ ಡಿಸೆಂಬರ್ ಪ್ರವಾಸವನ್ನು ಒಂದು ತಿಂಗಳಿಗಿಂತ ಮುಂಚೆಯೇ ರದ್ದು ಮಾಡಬೇಕಾಯಿತು ಅಂದುಕೊಳ್ಳಿ, ಆ ಪಾಯಿಂಟನ್ನು ಜನವರಿ ಮುಗಿಯುವುದರೊಳಗೆ ಹೇಗಾದರೂ ಖರ್ಚು ಮಾಡಬೇಕು. ಡಿಸೆಂಬರ್ ಯೂಸ್ ಇಯರ್‌ನಲ್ಲಾದರೆ ಜುಲೈ ಕೊನೆಯವರೆಗೂ ಸಮಯ ಇರುತ್ತದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ನೆಮ್ಮದಿ.

ಬೆಲೆ ಒಪ್ಪಿತವಾದ ಮೇಲೂ ವ್ಯವಹಾರ ಡಿಸ್ನಿಯ ಮೇಜಿಗೆ ಹೋಗುತ್ತದೆ. ನೀವು ಒಪ್ಪಿದ ಬೆಲೆಗೆ, ಒಪ್ಪಿದ ಷರತ್ತಿಗೆ, ತಾವೇ ಮೊದಲು ಕೊಳ್ಳುವ ಹಕ್ಕು ಅವರಿಗಿದೆ. ಅವರು ತೆಗೆದುಕೊಂಡರೆ ನಿಮ್ಮ ಮುಂಗಡ ಎಸ್ಕ್ರೋ ಖಾತೆಯಿಂದ (ವ್ಯವಹಾರ ಮುಗಿಯುವವರೆಗೆ ಮೂರನೆಯವರ ಕೈಯಲ್ಲಿ ದುಡ್ಡು ಇರುವ ಖಾತೆ) ವಾಪಸ್ ಬರುತ್ತದೆ, ಕಳೆದುಕೊಳ್ಳುವುದು ಕೆಲವು ವಾರ ಅಷ್ಟೆ. ಇದಕ್ಕೆ ಹೆದರಿ ಮೊದಲೇ ಬೆಲೆ ಏರಿಸಿ ಕೊಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ತುಂಬಾ ಕಮ್ಮಿಗೆ ಕುದುರಿಸಿದಷ್ಟೂ ಅವರು ಕಿತ್ತುಕೊಳ್ಳುವ ಸಾಧ್ಯತೆ ಜಾಸ್ತಿ, ಅದು ನಿಜ. ಆದರೂ ನಿಮ್ಮ ಲೆಕ್ಕಕ್ಕೆ ಸರಿಬಂದ ಬೆಲೆಯನ್ನೇ ಕೊಡಿ. ಹೋದರೆ ಹೋಯಿತು, ಸರಟೋಗ ದೊಡ್ಡ ರೆಸಾರ್ಟ್, ಇನ್ನೊಂದು ಬಂದೇ ಬರುತ್ತದೆ.

ಬ್ರೋಕರ್‌ಗೆ ಇನ್ನೆರಡು ಮಾತು ಕೇಳಿ. ಮಾರುವವರ ಮೇಲೆ ಸಾಲ ಬಾಕಿ ಇದೆಯೇ? ಇದ್ದು, ಬಾಕಿಯೇ ಮಾರುವ ಬೆಲೆಯ ಹತ್ತಿರ ಇದ್ದರೆ ಅವರು ಇಳಿಯಲು ಆಗುವುದೇ ಇಲ್ಲ, ಅಂಥವರ ಜೊತೆ ಎಳೆದಾಡಿ ಉಪಯೋಗವಿಲ್ಲ. ಪಟ್ಟಿಗೆ ಹಾಕಿ ಎಷ್ಟು ದಿನವಾಯಿತು? ಹಳೆಯದಾದಷ್ಟೂ ಮಾತು ಸಡಿಲವಾಗುತ್ತದೆ. ವರ್ಷದ ಕೊನೆಗೆ, ಜನವರಿ ಬಿಲ್ ಬರುವ ಮುಂಚೆ ಕೈತೊಳೆದುಕೊಳ್ಳುವ ಅವಸರವೂ ಕೆಲವರಿಗಿರುತ್ತದೆ. ಕ್ಲೋಸಿಂಗ್ ಖರ್ಚು ಕೆಲವು ನೂರು ಡಾಲರ್ ಆಗುತ್ತದೆ. ಸಾಮಾನ್ಯವಾಗಿ ಅದನ್ನು ಕೊಳ್ಳುವವರು ಕೊಡುತ್ತಾರೆ, ಆದರೆ ಹಾಗೇ ಕೊಡಬೇಕು ಅಂತ ನಿಯಮವೇನಿಲ್ಲ. ಬೆಲೆಯಲ್ಲಿ ಒಂದು ಡಾಲರ್ ಬಿಡಲು ಮುಜುಗರಪಡುವವರು ಇದರಲ್ಲಿ ಅರ್ಧ ಕೊಡಲು ಒಪ್ಪುವುದುಂಟು.

ಸಹಿ ಹಾಕಿದ ಮೇಲೆ, ನಿಮಗೆ ಬರಬೇಕಾದ ಪಾಯಿಂಟನ್ನು ಮಾರುವವರು ಮುಟ್ಟಬಾರದು ಅನ್ನುವ ಷರತ್ತು ಬರೆಸಿ. ಡಿಸ್ನಿಯಿಂದ ಕ್ಲೋಸಿಂಗ್ ಕಂಪನಿಗೆ ಎಸ್ಟಾಪೆಲ್ ಅನ್ನುವ ಪತ್ರ ಬರುತ್ತದೆ, ಅದರಲ್ಲಿ ಎಷ್ಟು ಪಾಯಿಂಟ್ ಉಳಿದಿದೆ, ಎಷ್ಟು ಬಾಕಿ ಇದೆ ಎಲ್ಲ ಇರುತ್ತದೆ. ಅದನ್ನು ತರಿಸಿಕೊಂಡು ಜಾಹೀರಾತಿನ ಜೊತೆ ಹೋಲಿಸಿ ನೋಡದೆ ಬಾಕಿ ದುಡ್ಡು ಕಳಿಸಬೇಡಿ.

ರೀಸೇಲ್‌ನಲ್ಲಿ ಏನು ಸಿಗುವುದಿಲ್ಲ ಅನ್ನುವುದನ್ನೂ ತಿಳಿದಿರಿ. 2019ರ ಜನವರಿ 19ರಿಂದ ಈಚೆಗೆ ರೀಸೇಲ್‌ನಲ್ಲಿ ಕೊಂಡ ಸರಟೋಗ ಪಾಯಿಂಟ್ ಹಳೆಯ 14 ರೆಸಾರ್ಟುಗಳಲ್ಲಿ ನಡೆಯುತ್ತದೆ, ರಿವಿಯೆರಾದಲ್ಲಿ ನಡೆಯುವುದಿಲ್ಲ, ಡಿಸ್ನಿಲ್ಯಾಂಡ್ ಹೋಟೆಲ್ ವಿಲ್ಲಾಗಳಲ್ಲೂ ಇಲ್ಲ. ನೇರವಾಗಿ ಕೊಂಡ ಸದಸ್ಯರಿಗೆ ಸಿಗುವ ರಿಯಾಯಿತಿಗಳೂ ಇಲ್ಲ. ಸ್ವಂತ ರೆಸಾರ್ಟಿಗೆ 11 ತಿಂಗಳು ಮೊದಲೇ ಬುಕ್ ಮಾಡಬಹುದು, ಉಳಿದವಕ್ಕೆ 7 ತಿಂಗಳು. ಕ್ರಿಸ್‌ಮಸ್ ವಾರಕ್ಕೆ 7 ತಿಂಗಳಿದ್ದಾಗ ಬೇರೆ ಕಡೆ ರೂಮು ಸಿಗುತ್ತದೆ ಅಂತ ನಂಬಿಕೊಂಡು ಕೊಳ್ಳಬೇಡಿ. ಸರಟೋಗದಲ್ಲೇ ಉಳಿಯಲು ಖುಷಿ ಇದ್ದರೆ ಮಾತ್ರ ಸರಟೋಗ ಕೊಳ್ಳಿ. ಮತ್ತೆ, ಸಾಲ ಮಾಡಿ ಕೊಳ್ಳುವುದಾದರೆ ಬೇಡವೇ ಬೇಡ. ಬಡ್ಡಿ ಸೇರಿದರೆ ಮೇಲಿನ ಲೆಕ್ಕವೆಲ್ಲ ಕುಸಿಯುತ್ತದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯವರು. ಕನ್ನಡ ಕೂಟದ ಪರಿಚಯದವರೊಬ್ಬರು ಕೆಲಸ ಬಿಟ್ಟು ಮೈಸೂರಿಗೆ ವಾಪಸಾಗಿದ್ದಾರೆ. ಅವರ ಡಿಸ್ನಿ ಕಾಂಟ್ರಾಕ್ಟನ್ನು 18,000 ಡಾಲರಿಗೆ ನಮಗೇ ಕೊಡುತ್ತಾರಂತೆ. ಬ್ರೋಕರ್ ಬೇಡ, ನಮ್ಮ ನಮ್ಮಲ್ಲೇ ಮುಗಿಸೋಣ, ಕಾಗದದಲ್ಲಿ ಬೆಲೆ ಸ್ವಲ್ಪ ಹೆಚ್ಚು ಬರೆದರೆ ಡಿಸ್ನಿ ಕೈ ಹಾಕುವುದಿಲ್ಲ ಅನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಬ್ರೋಕರ್ ಬೇಡ ಅನ್ನುವುದಕ್ಕೆ ಒಪ್ಪಿ. ಬೆಲೆ ಹೆಚ್ಚು ಬರೆಯುವುದಕ್ಕೆ ಖಂಡಿತ ಒಪ್ಪಬೇಡಿ. ಊರಲ್ಲಿ ಸೈಟು ಕೊಳ್ಳುವಾಗ ಒಂದು ಬೆಲೆ ಬರೆದು ಇನ್ನೊಂದು ಕೊಡುವುದನ್ನು ನೋಡಿ ನೋಡಿ ನಮಗೆ ಅದು ದೊಡ್ಡ ತಪ್ಪು ಅನಿಸುವುದೇ ಇಲ್ಲ. ಇಲ್ಲಿ ನೀವು ಸಹಿ ಹಾಕುವುದು ಡಿಸ್ನಿಯ ಹಕ್ಕನ್ನು ತಪ್ಪಿಸಲು ಬರೆದ ಸುಳ್ಳು ಕಾಗದಕ್ಕೆ. ಅಮೆರಿಕದಲ್ಲಿ ವೀಸಾ, ಗ್ರೀನ್ ಕಾರ್ಡ್ ಅಂತ ಬದುಕುತ್ತಿರುವವರು ಇದರ ಹತ್ತಿರವೂ ಹೋಗಬಾರದು.

ಬ್ರೋಕರ್ ಇಲ್ಲದಿದ್ದರೆ ಅವರ ಕಮಿಷನ್ ಉಳಿಯುತ್ತದೆ. ಅದನ್ನು ಕೊಡಬೇಕಾದವರು ಮಾರುವವರು, ಹಾಗಾಗಿ ಆ ಉಳಿತಾಯದಲ್ಲಿ ಪಾಲು ಕೇಳುವುದು ನ್ಯಾಯವೇ. ಸ್ನೇಹಿತರು ಅಂತ ಸಂಕೋಚ ಬೇಡ. ಆದರೆ ಕ್ಲೋಸಿಂಗ್ ಕಂಪನಿ ಇರಲೇಬೇಕು, ದುಡ್ಡು ಎಸ್ಕ್ರೋದಲ್ಲೇ ಕೂರಬೇಕು. ಫ್ಲಾರಿಡಾದ ರೆಸಾರ್ಟಾದರೆ ಇದು ಡೀಡ್ (ಹಕ್ಕುಪತ್ರ) ಇರುವ ಆಸ್ತಿ, ಕೌಂಟಿಯಲ್ಲಿ ನೋಂದಣಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಮಾತಾಡಿ ಬ್ಯಾಂಕಿಗೆ ದುಡ್ಡು ಹಾಕಿ ಮುಗಿಸುವಂಥದ್ದಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಅಮೆರಿಕದ ತೆರಿಗೆ ಕಾನೂನಿನ ಲೆಕ್ಕದಲ್ಲಿ ವಿದೇಶಿಯಾದವರು ಅಲ್ಲಿನ ಆಸ್ತಿ ಮಾರಿದರೆ, ಬೆಲೆಯ 15% ಹಿಡಿದಿಟ್ಟು ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟುವ ಜವಾಬ್ದಾರಿ ಸಾಮಾನ್ಯವಾಗಿ ಕೊಳ್ಳುವವರದು. ಈ ಕಾನೂನಿಗೆ ಫಿರ್ಪ್ಟಾ ಅನ್ನುತ್ತಾರೆ. ನಿಮ್ಮ ವ್ಯವಹಾರದಲ್ಲಿ 2700 ಡಾಲರ್. ವ್ಯವಹಾರ ಮುಗಿದ 20 ದಿನದೊಳಗೆ 8288 ನಮೂನೆಯ ಜೊತೆ ಕಟ್ಟಬೇಕು. ನೀವು ಹಿಡಿಯದೆ ಪೂರ್ತಿ ದುಡ್ಡು ಕೊಟ್ಟುಬಿಟ್ಟರೆ ಆಮೇಲೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ಅವರು ಆ ಲೆಕ್ಕದಲ್ಲಿ ವಿದೇಶಿಯಲ್ಲದಿದ್ದರೆ, ಉದಾಹರಣೆಗೆ ಅಮೆರಿಕದ ನಾಗರಿಕರಾಗಿದ್ದರೆ, ಈ ಕಡಿತ ಇಲ್ಲ, ಹಾಗೆಂದು ಸಹಿ ಮಾಡಿದ ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ಕಡಿತವಾದದ್ದನ್ನು ಅವರು ಆಮೇಲೆ ರಿಟರ್ನ್ ಸಲ್ಲಿಸಿ ಲೆಕ್ಕ ತೀರಿಸಿಕೊಳ್ಳಬಹುದು. ಇದನ್ನು ಬೆಲೆ ಮಾತಾಡುವ ದಿನವೇ ಹೇಳಿಬಿಡಿ. ಕೊನೆ ಗಳಿಗೆಯಲ್ಲಿ 2700 ಕಡಿತ ಅಂದರೆ ಸ್ನೇಹ ಕೆಡುತ್ತದೆ. ಮೈಸೂರಿನಲ್ಲಿ ಕೂತು ಡೀಡ್‌ಗೆ ಸಹಿ ಮಾಡುವುದು, ನೋಟರಿ ಮಾಡಿಸುವುದು ಹೇಗೆ ಅಂತ ಕ್ಲೋಸಿಂಗ್ ಕಂಪನಿಯನ್ನು ಈಗಲೇ ಕೇಳಿಸಿ. ವಾರಗಟ್ಟಲೆ ತಡವಾಗುವುದು ಅಲ್ಲಿಯೇ.

ಪ್ರಶ್ನೆ: 2042ಕ್ಕೆ ಮುಗಿಯುವ ಕಾಂಟ್ರಾಕ್ಟುಗಳು ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಬಹುದೇ? (ಓದುಗರು, ಅಟ್ಲಾಂಟಾ)

ಉತ್ತರ: ಬೋರ್ಡ್‌ವಾಕ್, ಬೀಚ್ ಕ್ಲಬ್ ಮುಂತಾದ ಡಿಸ್ನಿ ರೆಸಾರ್ಟಿನವು 2042ರ ಜನವರಿ 31ಕ್ಕೆ ಮುಗಿಯುತ್ತವೆ, ಸರಟೋಗ 2054ಕ್ಕೆ. ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ, ಅದಕ್ಕೆ ವರ್ಷದ ಡ್ಯೂಸ್ ಸೇರಿಸಿ. ಎಷ್ಟೋ ಸಲ ಅಗ್ಗ ಅನಿಸಿದ್ದು ವರ್ಷದ ಲೆಕ್ಕದಲ್ಲಿ ದುಬಾರಿಯಾಗಿರುತ್ತದೆ. ಮುಗಿಯುವ ವರ್ಷ ಹತ್ತಿರವಾದಷ್ಟೂ ಮರುಮಾರಾಟದ ಬೆಲೆ ಇಳಿಯುತ್ತಲೇ ಹೋಗುತ್ತದೆ. ಡಿಸ್ನಿಯ ಎಪ್‌ಕಾಟ್ ಪಾರ್ಕಿಗೆ ನಡೆದೇ ಹೋಗಬೇಕು ಅನ್ನುವ ಆಸೆ ಇದ್ದು, ಕೊನೆಯವರೆಗೂ ಇಟ್ಟುಕೊಳ್ಳುವುದಾದರೆ ಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪರಿಚಯದವರೊಬ್ಬರ ಹಾಲಿಡೇ ಕ್ಲಬ್ ಸದಸ್ಯತ್ವ ತೆಗೆದುಕೊಳ್ಳುತ್ತಿದ್ದೇನೆ. ಇಲ್ಲೂ ಇದೇ ನಿಯಮವೇ?

ಉತ್ತರ: ಅಲ್ಲ. ನಮ್ಮಲ್ಲಿ ಬಹುಮಟ್ಟಿಗೆ ಸಿಗುವುದು ಇಷ್ಟು ವರ್ಷ ಬಳಸುವ ಹಕ್ಕು ಮಾತ್ರ, ಡೀಡ್ ಇರುವುದಿಲ್ಲ. ಹಾಗಾಗಿ ಉಳಿದಿರುವ ವರ್ಷ ಎಷ್ಟು, ಯಾವ ಸೀಸನ್, ಯಾವ ಅಳತೆಯ ರೂಮು, ಇದರ ಮೇಲೆ ಬೆಲೆ ಮಾತಾಡಿ. ಅವರು ಆಗ ಎಷ್ಟು ಕೊಟ್ಟಿದ್ದರು ಅನ್ನುವುದು ನಿಮಗೆ ಸಂಬಂಧವಿಲ್ಲ. ವಾರ್ಷಿಕ ಶುಲ್ಕ ಕೆಲವು ವರ್ಷ ಕಟ್ಟದೆ ಬಿಟ್ಟಿರುವವರೇ ಮಾರಲು ಬರುವುದು ಜಾಸ್ತಿ, ಆ ಬಾಕಿಯನ್ನು ಬೆಲೆಯಲ್ಲಿ ಕಳೆಯಿರಿ. ವರ್ಗಾವಣೆ ಶುಲ್ಕ ಯಾರು ಕೊಡಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಬಾಕಿ ಇಲ್ಲ, ವರ್ಗಾವಣೆಗೆ ಒಪ್ಪಿಗೆ ಇದೆ ಅಂತ ಕಂಪನಿಯಿಂದ ಬರಹದಲ್ಲಿ ಬರುವವರೆಗೆ ಮುಂಗಡವನ್ನೂ ಕೊಡಬೇಡಿ.