ವ್ಯಾಪಾರ-ವ್ಯವಹಾರ: ನಿಂತ ಹಣ, ಇಳಿದ ವಹಿವಾಟು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿವೆ. ಅಂಗಡಿ ತೆರೆದಿದೆ, ಗಿರಾಕಿಗಳು ಬರುತ್ತಿದ್ದಾರೆ, ಆದರೂ ರಾತ್ರಿ ಗಲ್ಲಾಪೆಟ್ಟಿಗೆಯ ಹಣ ಎಣಿಸಿದರೆ ಹಿಂದಿನ ವರ್ಷದ ಮೊತ್ತ ಕಾಣುವುದಿಲ್ಲ. ಅವುಗಳಲ್ಲಿ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹದಿನಾರು ವರ್ಷಗಳಿಂದ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ತಿಂಗಳಿಗೆ ಐದೂವರೆ ಲಕ್ಷ ರೂಪಾಯಿ ಇದ್ದ ವಹಿವಾಟು 4 ಲಕ್ಷಕ್ಕೆ ಇಳಿದಿದೆ. ಸರಾಸರಿ ಲಾಭ ಶೇ 10. ಬಾಡಿಗೆ 12,000, ಅರ್ಧ ದಿನದ ಸಹಾಯಕನ ಸಂಬಳ 10,000, ವಿದ್ಯುತ್ ಮತ್ತಿತರ ಖರ್ಚು 3,000 ರೂಪಾಯಿ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳ ಜೊತೆ ಪೈಪೋಟಿ ನಡೆಸಬೇಕಾದರೆ ಎಲ್ಲ ಸರಕಿನ ಮೇಲೂ ಶೇ 3 ರಿಯಾಯಿತಿ ಕೊಡಲೇಬೇಕೆಂದು ಮಗ ಹಟ ಹಿಡಿದಿದ್ದಾನೆ. ಸಾಲದ ಪುಸ್ತಕದಲ್ಲಿ 1,80,000 ರೂಪಾಯಿ ಬಾಕಿ ಇದೆ. ತಮ್ಮ ಸಲಹೆ ಏನು?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಂಕಿಗಳನ್ನು ಮುಚ್ಚಿಡದೆ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ತಮ್ಮ ತಿಂಗಳ ಲಾಭ 40,000, ಖರ್ಚು 25,000, ಮನೆಗೆ ಒಯ್ಯುವುದು 15,000 ರೂಪಾಯಿ. ಮಗ ಹೇಳಿದಂತೆ ಶೇ 3 ರಿಯಾಯಿತಿ ಕೊಟ್ಟರೆ ಅದೊಂದೇ 12,000 ರೂಪಾಯಿಯನ್ನು ನುಂಗುತ್ತದೆ, ಮನೆಗೆ ಉಳಿಯುವುದು 3,000 ಮಾತ್ರ. ಮೊದಲಿನ 40,000 ರೂಪಾಯಿ ಲಾಭವನ್ನು ಶೇ 7ರ ದರದಲ್ಲಿ ಗಳಿಸಬೇಕಾದರೆ ತಿಂಗಳ ವಹಿವಾಟು ಸುಮಾರು 5,71,000 ರೂಪಾಯಿಗೆ ಏರಬೇಕು, ಎಂದರೆ ತಮ್ಮ ಒಳ್ಳೆಯ ದಿನಗಳಲ್ಲಿ ಇದ್ದುದಕ್ಕಿಂತಲೂ ಹೆಚ್ಚಾಗಬೇಕು. ವ್ಯಾಪಾರ ಇಳಿಯುತ್ತಿರುವ ಹೊತ್ತಿನಲ್ಲಿ ಅದು ಆಗದ ಮಾತು. ಹೂಡಿಕೆದಾರರ ಹಣದ ಬಲದ ಮೇಲೆ ವರ್ಷಗಟ್ಟಲೆ ನಷ್ಟ ತಾಳಿಕೊಳ್ಳಬಲ್ಲ ಕಂಪನಿಗಳೊಡನೆ ದರದ ಪಂದ್ಯಕ್ಕೆ ಇಳಿಯುವುದು ಬೇಡ.

ಆದರೆ ತಾವು ಕೊನೆಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ ಸಾಲದ ಪುಸ್ತಕವೇ ನನಗೆ ಈ ಪತ್ರದ ಮುಖ್ಯ ವಿಷಯವಾಗಿ ಕಾಣುತ್ತದೆ. ನಮ್ಮ ಹುಬ್ಬಳ್ಳಿಯ ಕಡೆ ಅದನ್ನು ಉದ್ರಿ ಎನ್ನುತ್ತಾರೆ. ತಿಂಗಳಿಗೆ 15,000 ರೂಪಾಯಿಯಂತೆ ಲೆಕ್ಕ ಹಾಕಿದರೆ, ಬಾಕಿ ಇರುವ 1,80,000 ರೂಪಾಯಿ ಸರಿಯಾಗಿ ತಮ್ಮ ಒಂದು ವರ್ಷದ ದುಡಿಮೆ. ಆ ಹಣ ಕೈಯಲ್ಲಿ ಇಲ್ಲದ ಕಾರಣ ತಾವು ಸಗಟು ವ್ಯಾಪಾರಿಯ ಬಳಿ ಸಾಲದಲ್ಲಿ ಸರಕು ಎತ್ತುತ್ತಿರಬಹುದು. ಹಾಗಿದ್ದರೆ ನಗದು ಕೊಟ್ಟವರಿಗೆ ಸಿಗುವ ದರ ತಮಗೆ ಸಿಗುತ್ತಿಲ್ಲ. ಎಲ್ಲ ಬಾಕಿಯನ್ನೂ ಒಮ್ಮೆಲೇ ಕೇಳಿದರೆ ಗಿರಾಕಿಯೂ ಹೋಗುತ್ತಾನೆ, ಹಣವೂ ಹೋಗುತ್ತದೆ. ಬದಲಿಗೆ ಹಳೆಯ ಬಾಕಿಯನ್ನು ಒಂದು ಪುಟದಲ್ಲಿ ಬೇರೆಯಾಗಿ ಬರೆದಿಟ್ಟು, ಸಂಬಳದ ವಾರದಲ್ಲಿ ಸಣ್ಣ ಕಂತಿನಂತೆ ವಸೂಲು ಮಾಡಿ, ಹೊಸ ಸಾಲಕ್ಕೆ ಮನೆಗೊಂದು ಮಿತಿ ಹಾಕಿರಿ. ಮೂರು ತಿಂಗಳಿಂದ ಅಂಗಡಿಯ ಕಡೆ ತಲೆ ಹಾಕದವರ ಹೆಸರನ್ನು ಆಸ್ತಿಯ ಲೆಕ್ಕದಿಂದ ಹೊಡೆದು ಹಾಕುವುದು ಲೇಸು.

ಗಿರಾಕಿಗಳ ವರ್ತನೆಯನ್ನೂ ಇನ್ನಷ್ಟು ಹತ್ತಿರದಿಂದ ನೋಡಬೇಕು. ಕೈ ಬಿಗಿಯಾದಾಗ ಜನರು ಬಳಸುವ ವಸ್ತುವನ್ನು ಸುಲಭವಾಗಿ ಬಿಡುವುದಿಲ್ಲ, ಕೊಳ್ಳುವ ಅಳತೆಯನ್ನು ಬದಲಿಸುತ್ತಾರೆ. ಒಂದು ಲೀಟರ್ ಎಣ್ಣೆ ಒಯ್ಯುತ್ತಿದ್ದವರು ಅರ್ಧ ಲೀಟರ್ ಒಯ್ಯುತ್ತಾರೆ, ತಿಂಗಳ ಚೀಟಿ ವಾರದ ಚೀಟಿಯಾಗುತ್ತದೆ. 1980ರ ದಶಕದಲ್ಲಿ ತಮಿಳುನಾಡಿನ ಸಣ್ಣ ತಯಾರಕರು ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ಇಳಿಸಿ ದೇಶದ ಮಾರುಕಟ್ಟೆಯನ್ನೇ ಬದಲಿಸಿದ್ದು ಇದೇ ತಿಳಿವಳಿಕೆಯಿಂದ. ಅಂಥ ಪೊಟ್ಟಣದ ಮಾರಾಟ ಕೂಡ ಕುಸಿದರೆ ಆರ್ಥಿಕ ಹಿಂಜರಿತ ಆಳಕ್ಕೆ ಇಳಿದಿದೆ ಎಂದು ತಿಳಿಯಬೇಕು. 2019ರಲ್ಲಿ ಐದು ರೂಪಾಯಿಯ ಬಿಸ್ಕತ್ತಿನ ಬೇಡಿಕೆ ಕುಗ್ಗಿದೆ ಎಂದು ಪಾರ್ಲೆ ಕಂಪನಿ ಬಹಿರಂಗವಾಗಿ ಹೇಳಿದಾಗ ಅದು ದೇಶದಾದ್ಯಂತ ಸುದ್ದಿಯಾದದ್ದು ಅದಕ್ಕೇ. ಮರುವರ್ಷದ ಲಾಕ್‌ಡೌನಿನಲ್ಲಿ ಅದೇ ಬಿಸ್ಕತ್ತು ಭರ್ಜರಿಯಾಗಿ ಮಾರಾಟವಾಯಿತು. ಆದ್ದರಿಂದ ತಮ್ಮ ಅಂಗಡಿಯಲ್ಲಿ ಯಾವ ಅಳತೆಯ ಪೊಟ್ಟಣ ವಾರಕ್ಕೆ ಎಷ್ಟು ಹೋಗುತ್ತದೆ ಎಂದು ಒಂದು ತಿಂಗಳು ಬರೆದು ನೋಡಿರಿ. ಮೇಲಿನ ಹಲಗೆಯಲ್ಲಿ ಧೂಳು ಹಿಡಿಯುತ್ತಿರುವ ದೊಡ್ಡ ಡಬ್ಬಿಗಳೂ ಹಣವೇ, ಆದರೆ ಓಡಾಡದ ಹಣ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಮುಳುಗಿದ ಸುದ್ದಿ ಓದಿದಾಗ, ನನ್ನ ಪುಟ್ಟ ಸ್ಟೇಷನರಿ ಅಂಗಡಿಗೂ ಅದಕ್ಕೂ ಎಲ್ಲಿಯ ಸಂಬಂಧ ಎಂದುಕೊಂಡಿದ್ದೆ. ಪ್ರತಿ ಡಿಸೆಂಬರ್‌ನಲ್ಲಿ ಗಿರಾಕಿಗಳಿಗೆ ಹಂಚಲು ಡೈರಿ ಕೊಳ್ಳುತ್ತಿದ್ದ ಕಚೇರಿಗಳು ಆ ವರ್ಷ ಕೈ ಬಿಗಿ ಹಿಡಿದವು, 2009ರ ಮುನ್ನೂರು ಡೈರಿಗಳು ನನ್ನ ತಲೆಯ ಮೇಲೆ ಕುಳಿತವು. ಮಾರ್ಚ್‌ವರೆಗೆ ಕಾದ ಮೇಲೆ, ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಕಚ್ಚಾ ಲೆಕ್ಕದ ಪುಸ್ತಕವೆಂದು ಅಸಲಿನ ಅರ್ಧ ಬೆಲೆಗೆ ಕೊಟ್ಟು ಕೈ ತೊಳೆದುಕೊಂಡೆ. ರಟ್ಟು ಗಟ್ಟಿಯಾಗಿದ್ದುದರಿಂದ ಮಕ್ಕಳಿಗೆ ಇಷ್ಟವಾಯಿತು. ಜನವರಿಯಲ್ಲೇ ಹಾಗೆ ಮಾಡಿದ್ದರೆ ಎರಡು ತಿಂಗಳು ಆ ಹಣ ಬೇರೆ ಸರಕಿನಲ್ಲಿ ಓಡಾಡುತ್ತಿತ್ತು.

ಆ್ಯಪ್‌ಗಳ ವಿಚಾರದಲ್ಲಿ ಇನ್ನೊಂದು ಮಾತು. ನೂರು ಗ್ರಾಂ ಹೆಸರುಬೇಳೆ, ಹತ್ತು ರೂಪಾಯಿಯ ಸಾಸಿವೆ, ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡಿ ಆರಿಸಿಕೊಡುವುದು, 25 ಕಿಲೋ ಅಕ್ಕಿ ಮೂಟೆಯನ್ನು ಮೂರನೆಯ ಮಹಡಿಯ ಅಡುಗೆಮನೆಯವರೆಗೆ ಹೊತ್ತು ತಂದು ಡಬ್ಬಿಗೆ ಸುರಿದುಕೊಡುವುದು ಇವೆಲ್ಲ ಇನ್ನೂ ತಮ್ಮ ಕೈಯಲ್ಲೇ ಇವೆ. ಮಗನ ಉತ್ಸಾಹವನ್ನು ರಿಯಾಯಿತಿಗೆ ಬದಲಾಗಿ ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ತರಿಸಿಕೊಂಡು ಸಂಜೆಯೊಳಗೆ ಸರಕು ಮುಟ್ಟಿಸುವ ಕೆಲಸಕ್ಕೆ ಹಚ್ಚಿರಿ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿದ್ದ ನನ್ನ ಯಜಮಾನರ ಕೆಲಸ ಹೋಗಿದೆ. ಬಂದ ಪರಿಹಾರದ ಹಣ 3 ಲಕ್ಷ ರೂಪಾಯಿ. ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡಿ ಮಾರುವ ಆಸೆ ನನಗಿದೆ. ಮಂದಿಯ ಬಳಿ ಹಣವಿಲ್ಲದ ಈ ಸಮಯದಲ್ಲಿ ಹೊಸ ವ್ಯಾಪಾರ ಆರಂಭಿಸುವುದು ಮೂರ್ಖತನವೇ?
— ಓದುಗರು, ಶಿರಸಿ

ಉತ್ತರ: ಮೂರ್ಖತನವಲ್ಲ, ಆದರೆ ಧೈರ್ಯ ತುಂಬಲು ಹೇಳುವ ಕಥೆಗಳ ವಿಷಯದಲ್ಲಿ ಎಚ್ಚರಿಕೆ ಇರಲಿ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಟಿಆರ್ ಹೋಟೆಲಿನವರ ಪ್ರಕಾರ, ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಅವರ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರವನ್ನು ತೀರ ಕೆಳಗೆ ಇಳಿಸಿದಾಗ, ಗುಣಮಟ್ಟ ಕೆಡಿಸಲು ಒಪ್ಪದ ಅವರು ಹೋಟೆಲಿನ ಬಾಗಿಲು ಮುಚ್ಚಿ, ದಿಢೀರ್ ತಿಂಡಿಗಳ ಸಿದ್ಧಪುಡಿಯ ವ್ಯಾಪಾರಕ್ಕೆ ಕೈ ಹಾಕಿದರು. ಆ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಇದು ನಿಜವಾದ ಕಥೆಯೇ. ಆದರೆ ಅದೇ ದರಕ್ಕೆ ಸಿಕ್ಕಿ ಸದ್ದಿಲ್ಲದೆ ಮುಚ್ಚಿಹೋದ ಹೋಟೆಲುಗಳ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಎಂಟಿಆರ್‌ನವರು ಹೊಸ ದಾರಿ ಹಿಡಿಯುವ ಹೊತ್ತಿಗೆ ಅರ್ಧ ಶತಮಾನದ ಹೆಸರು ಅವರ ಬೆನ್ನಿಗಿತ್ತು ಎಂಬುದನ್ನೂ ಮರೆಯಬಾರದು.

ತಮ್ಮ ವ್ಯಾಪಾರದ ಕಷ್ಟ ಬೇರೊಂದು ಕಡೆ ಇದೆ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ, ಹಪ್ಪಳ ಒಣಗಿಸಲು ಮಳೆಗಾಲಕ್ಕೆ ಮುಂಚಿನ ಬಿಸಿಲೇ ಬೇಕು. ಎಂದರೆ ವರ್ಷಪೂರ್ತಿ ಮಾರುವ ಸರಕಿಗೆ ಎರಡು ತಿಂಗಳಲ್ಲಿ ಹಣ ಸುರಿದು, ಉಳಿದ ಹತ್ತು ತಿಂಗಳು ಅದು ಒಂದೊಂದೇ ರೂಪಾಯಿಯಾಗಿ ಮರಳುವುದನ್ನು ಕಾಯಬೇಕು. ಆದ್ದರಿಂದ 3 ಲಕ್ಷದಲ್ಲಿ ಮೊದಲು ಆರು ತಿಂಗಳ ಮನೆ ಖರ್ಚನ್ನು ಎತ್ತಿಟ್ಟು, ಅದನ್ನು ಇಲ್ಲವೆಂದೇ ಭಾವಿಸಿರಿ. ಮೊದಲ ವರ್ಷ ಪರಿಚಿತರಿಗೆ ಮಾರಿ ಮುಗಿಸಬಹುದಾದಷ್ಟು ಭರಣಿಗಳನ್ನು ಮಾತ್ರ ತುಂಬಿಸಿರಿ. ಯಂತ್ರ ಕೊಳ್ಳುವುದು ಎರಡನೆಯ ವರ್ಷದ ಮಾತು. ಸಾಲ ಬೇಕೇಬೇಕು ಎನಿಸಿದರೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಕೇಳಬಹುದು, ಬಂಗಾರವನ್ನು ಒತ್ತೆ ಇಡುವುದಕ್ಕಿಂತ ಅದು ಮೇಲು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನು ಮೊದಲೇ ಮಾಡಿಸಿ, ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಬೆಲೆ, ವಿಳಾಸಗಳನ್ನು ಚೀಟಿಯ ಮೇಲೆ ಸ್ಪಷ್ಟವಾಗಿ ಮುದ್ರಿಸಿರಿ. ಗಾಜಿನ ಬಾಟಲಿ ನೋಡಲು ಚೆಂದ, ಆದರೆ ಬಸ್ಸಿನ ಪಾರ್ಸೆಲ್‌ನಲ್ಲಿ ಒಂದು ಒಡೆದರೆ ಅದರ ಎಣ್ಣೆ ಉಳಿದ ಹನ್ನೊಂದನ್ನೂ ಕೆಡಿಸುತ್ತದೆ.

ಪ್ರಶ್ನೆ: ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿತ ಕಡೆಯುವ ಯಂತ್ರ) ಇಟ್ಟುಕೊಂಡು ದೊಡ್ಡ ಕಂಪನಿಯೊಂದಕ್ಕೆ ಬಿಡಿಭಾಗ ಮಾಡಿಕೊಡುತ್ತೇನೆ. ಮೊದಲು 60 ದಿನಕ್ಕೆ ಬರುತ್ತಿದ್ದ ಹಣ ಈಗ 120 ದಿನವಾದರೂ ಬರುವುದಿಲ್ಲ. "ಮಾರ್ಕೆಟ್ ಡೌನ್ ಇದೆ, ಸ್ವಲ್ಪ ಸಹಕರಿಸಿ" ಎನ್ನುತ್ತಾರೆ. ಗಟ್ಟಿಯಾಗಿ ಕೇಳಿದರೆ ಆರ್ಡರ್ ಹೋಗುತ್ತದೆ ಎಂಬ ಅಂಜಿಕೆ.
— ಓದುಗರು, ಉದ್ಯಮಬಾಗ್, ಬೆಳಗಾವಿ

ಉತ್ತರ: ದೊಡ್ಡವರು ಬ್ಯಾಂಕಿನಲ್ಲಿ ಬಡ್ಡಿ ಕೊಟ್ಟು ತರಬೇಕಾದ ದುಡಿಯುವ ಬಂಡವಾಳವನ್ನು ತಮ್ಮಂಥವರಿಂದ ಬಡ್ಡಿಯಿಲ್ಲದೆ ಎತ್ತುತ್ತಿದ್ದಾರೆ. ಇದನ್ನು ಸಹಕಾರ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಕಾನೂನು ತಮ್ಮ ಪರವಾಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯಂತೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳ ಒಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳ ಒಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ತೆರಬೇಕು. ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಮಾತ್ರ. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿದ ಮಾತ್ರಕ್ಕೆ ಕೇವಲ ಕೊಂಡು ಮಾರುವ ವ್ಯಾಪಾರಿಗೆ ಇದು ದಕ್ಕುವುದಿಲ್ಲ, ತಾವು ತಯಾರಕರಾದುದರಿಂದ ಆ ತೊಡಕು ಇಲ್ಲ. ಆದರೆ ನೋಂದಣಿ ಸರಕು ಕಳುಹಿಸುವ ಮೊದಲೇ ಆಗಿರುವುದು ಕ್ಷೇಮ, ಏಕೆಂದರೆ ತಡವಾಗಿ ಮಾಡಿಸಿದ ನೋಂದಣಿ ಹಳೆಯ ಬಿಲ್ಲುಗಳಿಗೆ ಅನ್ವಯಿಸುತ್ತದೆಯೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದೆ.

ದೂರು ಕೊಡುವ ಮೊದಲು ಮೆತ್ತಗಿನ ದಾರಿಯೊಂದಿದೆ. 2023ರ ಹಣಕಾಸು ಕಾಯಿದೆ ಆದಾಯ ತೆರಿಗೆ ಕಾನೂನಿಗೆ ಒಂದು ನಿಯಮವನ್ನು ಸೇರಿಸಿತು. ಅದರಂತೆ ಸಣ್ಣ ಉದ್ದಿಮೆಗೆ ಈ ಗಡುವಿನೊಳಗೆ ಹಣ ಕೊಡದ ಕಂಪನಿ, ಆ ಖರ್ಚನ್ನು ನಿಜವಾಗಿ ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ತನ್ನ ಆದಾಯದಿಂದ ಕಳೆದುಕೊಳ್ಳಬಹುದು. ಆದ್ದರಿಂದ ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆಯನ್ನು ಮುದ್ರಿಸಿ, ಜನವರಿಯಲ್ಲಿ ಖರೀದಿ ವಿಭಾಗಕ್ಕಲ್ಲ, ಅವರ ಲೆಕ್ಕಪತ್ರ ವಿಭಾಗಕ್ಕೆ ಬಾಕಿಯ ಪಟ್ಟಿಯೊಂದನ್ನು ವಿನಯದಿಂದ ಕಳುಹಿಸಿರಿ. ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ಭಯ ಖರೀದಿಯವರಿಗಿಂತ ಲೆಕ್ಕಪತ್ರದವರಿಗೆ ಹೆಚ್ಚು. ಅದಕ್ಕೂ ಬಗ್ಗದಿದ್ದರೆ ಇಂಥ ಬಾಕಿಯ ವಿವಾದಗಳನ್ನು ಬಗೆಹರಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಖರೀದಿದಾರರು ಯಾವ ರಾಜ್ಯದವರಾದರೂ ತಮ್ಮ ರಾಜ್ಯದ ಕೌನ್ಸಿಲ್ಲೇ ವಿಚಾರಣೆ ನಡೆಸುತ್ತದೆ. ಅದರ ತೀರ್ಪನ್ನು ಪ್ರಶ್ನಿಸಬೇಕಾದರೆ ಎದುರಿನವರು ಮೊದಲು ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ವಿಚಾರಣೆ ಕಾನೂನು ಹೇಳಿದಷ್ಟು ಬೇಗ ಮುಗಿಯುವುದಿಲ್ಲ ಎಂಬುದೂ ತಿಳಿದಿರಲಿ.

ಆರ್ಡರ್ ಹೋಗುವ ಅಂಜಿಕೆ ಸುಳ್ಳಲ್ಲ. ಆದರೆ 120 ದಿನಕ್ಕೆ ಹಣ ಕೊಡುವ ಒಬ್ಬನೇ ಗಿರಾಕಿಗಾಗಿ ಎರಡೂ ಲೇತ್‌ಗಳನ್ನು ಮೀಸಲಿಟ್ಟಿದ್ದರೆ, ಒಂದರ ಸಮಯವನ್ನಾದರೂ ಸಣ್ಣ ಮೊತ್ತದ, ಬೇಗ ಹಣ ಕೊಡುವ ಬೇರೆಯವರ ಬಿಡಿ ಕೆಲಸಕ್ಕೆ (ಜಾಬ್ ವರ್ಕ್) ಬಿಡಿಸಿಕೊಳ್ಳಿರಿ.

ಪ್ರಶ್ನೆ: ಅಂಗಡಿಯ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದರೆ ವ್ಯಾಪಾರ ಕುದುರುತ್ತದೆ ಎಂದು ಹೇಳುತ್ತಾರೆ. 70,000 ರೂಪಾಯಿ ಖರ್ಚಾಗುತ್ತದೆ.
— ಓದುಗರು, ತಿಪಟೂರು

ಉತ್ತರ: ಅಷ್ಟು ಹಣ ಕೈಯಲ್ಲಿ ಇರುವುದೇ ಸದ್ಯಕ್ಕೆ ಶುಭ ಶಕುನ. ಅದು ಹಾಗೆಯೇ ಇರಲಿ.

ಪ್ರಶ್ನೆ: ಟೀ ಅಂಗಡಿ ಇಟ್ಟಿದ್ದೇನೆ, ಹಾಲಿನ ಪ್ಯಾಕೆಟ್ಟನ್ನೂ ಮಾರುತ್ತೇನೆ. 2025ರಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟ ಮೇಲೆ ಅಕ್ಕಪಕ್ಕದವರು ಕ್ಯೂಆರ್ ಚೀಟಿ ಕಿತ್ತರು. ನಾನೂ ಕೀಳಲೇ?
— ಓದುಗರು, ಬೆಂಗಳೂರು

ಉತ್ತರ: ಕೀಳಬೇಡಿರಿ. ತೆರಿಗೆಯ ಲೆಕ್ಕಕ್ಕೆ ಬರುವುದು ಒಟ್ಟು ವಹಿವಾಟು, ಅದು ನಗದಾಗಿ ಬಂದರೂ ಮೊಬೈಲಿನಲ್ಲಿ ಬಂದರೂ ಒಂದೇ. ಹಾಗಿರುವಾಗ ಚೀಟಿ ಕಿತ್ತರೆ ಚಿಲ್ಲರೆ ಇಲ್ಲದ ಗಿರಾಕಿಯನ್ನು ಕಳೆದುಕೊಂಡಂತೆ ಅಷ್ಟೆ. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಟೀ-ತಿಂಡಿ ಮಾಡಿಕೊಡುವುದು ಸೇವೆಯಾದುದರಿಂದ ತಮಗೆ 20 ಲಕ್ಷ. ಎಂದರೆ ದಿನಕ್ಕೆ ಸರಾಸರಿ 5,480 ರೂಪಾಯಿ ವ್ಯಾಪಾರವಾದರೆ ಮಿತಿ ಮುಟ್ಟಿದಂತೆ. ಹಾಲಿಗೆ ತೆರಿಗೆ ಇಲ್ಲ, ಬರೀ ಹಾಲು ಮಾರುವವರಿಗೆ ನೋಂದಣಿಯೂ ಬೇಡ. ಆದರೆ ಟೀ ಜೊತೆಗೆ ಹಾಲನ್ನೂ ಮಾರಿದಾಗ ಹಾಲಿನ ಹಣ ಒಟ್ಟು ವಹಿವಾಟಿಗೆ ಸೇರುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಮಿತಿ ದಾಟಿದರೂ, ಸಣ್ಣವರಿಗಾಗಿ ಇರುವ ಸರಳ ತೆರಿಗೆಯ ಕಾಂಪೊಸಿಷನ್ ಪದ್ಧತಿಯಲ್ಲಿ ಹೋಟೆಲಿನವರು ವಹಿವಾಟಿನ ಶೇ 5ರಂತೆ ಕಟ್ಟಿ ನಿಶ್ಚಿಂತರಾಗಿರಬಹುದು. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲವಾದ್ದರಿಂದ ಟೀ ಬೆಲೆಯಲ್ಲಿ ಅದಕ್ಕೆ ಜಾಗ ಇಟ್ಟುಕೊಳ್ಳಬೇಕು.

ಅದಕ್ಕಿಂತ ತುರ್ತಾದ ಕೆಲಸವೆಂದರೆ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆಯುವುದು. ಭಾವಮೈದುನ ಕಳುಹಿಸಿದ ಕೈಗಡ, ಎತ್ತಿದ ಚೀಟಿಯ ಹಣ, ಊರಿನ ಜಮೀನಿನ ಗುತ್ತಿಗೆ ಎಲ್ಲವೂ ಟೀ ಹಣದ ಜೊತೆ ಒಂದೇ ಖಾತೆಗೆ ಬಂದು ಬಿದ್ದರೆ, ಮೂರು ವರ್ಷಗಳ ನಂತರ ಯಾವುದು ಯಾವುದೆಂದು ಅಧಿಕಾರಿಗೆ ವಿವರಿಸಲು ತಮ್ಮಿಂದಲೂ ಆಗುವುದಿಲ್ಲ. ಹಾಲಿನ ಪ್ಯಾಕೆಟ್ಟಿಗೆ ಒಂದು, ಟೀಗೆ ಒಂದು ಎಂದು ಎರಡು ಗೆರೆ ಎಳೆದ ನೋಟ್ ಪುಸ್ತಕವನ್ನು ಸ್ಟೌವಿನಿಂದ ತುಸು ದೂರ ಇಟ್ಟುಕೊಂಡು, ರಾತ್ರಿ ಬಾಗಿಲು ಹಾಕುವ ಮುನ್ನ ತುಂಬಿರಿ.