ಬೀದಿಯ ಬೆಕ್ಕೊಂದು ದಿನವೂ ಮನೆ ಬಾಗಿಲಿಗೆ ಬರುತ್ತದೆ. ಬಾಡಿಗೆ ಮನೆಯಲ್ಲಿ ಅದನ್ನು ಸಾಕಬಹುದೇ?

ಸಾಕಬಹುದು. ಆದರೆ ಮನೆಯೊಳಗೆ ಸೇರಿಸಿಕೊಳ್ಳುವುದೋ ಬೇಡವೋ ಎಂಬ ತೀರ್ಮಾನ ಆಮೇಲಿನದು. ಮೊದಲು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ. ಮುಂದೆ ನೀವು ಏನನ್ನೇ ನಿರ್ಧರಿಸಿದರೂ ಈ ಎರಡು ಕೆಲಸ ವ್ಯರ್ಥವಾಗುವುದಿಲ್ಲ.

ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಬರುವ ಕೆಲಸ, ಮೆಟ್ಟಿಲ ಮೇಲೆ ಕಾದು ಕುಳಿತು ಕಾಲಿಗೆ ಮೈ ಉಜ್ಜುವ ಮೂರು ಬಣ್ಣದ ಬೆಕ್ಕು, ಮನೆ ಮಾಲೀಕರು ಏನೆನ್ನುತ್ತಾರೋ ಎಂಬ ಅಳುಕು ಎಂದೆಲ್ಲ ಬರೆದಿದ್ದೀರಿ. ಊರಿನಲ್ಲಿ ದನ, ನಾಯಿ, ಬೆಕ್ಕುಗಳ ನಡುವೆ ಬೆಳೆದವರಿಗೆ ಇಲ್ಲಿನ ಮನೆ ಬಿಕೋ ಎನ್ನುತ್ತದೆ ಎಂದಿದ್ದೀರಲ್ಲ, ಆ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಹಾಸನದ ಕಡೆಯ ಹಳ್ಳಿಯಿಂದ ಬಂದವಳು. ತ್ಯಾಗರಾಜನಗರದಲ್ಲಿ ಬಾಡಿಗೆಗಿದ್ದೇನೆ. ನಮ್ಮ ಬೀದಿಯ ಬೆಕ್ಕುಗಳನ್ನು ನಾಲ್ಕೈದು ಮನೆಯವರು ಸೇರಿ ನೋಡಿಕೊಳ್ಳುತ್ತೇವೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಆ ಬೆಕ್ಕು ಅಷ್ಟು ಸಲಿಗೆಯಿಂದ ಇದೆಯೆಂದರೆ ಅದಕ್ಕೊಂದು ಹಿನ್ನೆಲೆ ಇದ್ದೇ ಇರುತ್ತದೆ. ಮರಿಗೆ ಎರಡು ವಾರ ತುಂಬಿದಾಗಿನಿಂದ ಏಳೆಂಟು ವಾರದವರೆಗೆ ಮನುಷ್ಯರ ಕೈ ಸೋಕಿ ಬೆಳೆದರೆ ಬೆಕ್ಕು ಮುಂದೆ ಮನುಷ್ಯರನ್ನು ನಂಬುತ್ತದೆ. ಆ ವಯಸ್ಸು ದಾಟಿದ ಮೇಲೆ ಮೊದಲ ಸಲ ಮನುಷ್ಯರನ್ನು ಕಂಡ ಬೆಕ್ಕು ಸಾಮಾನ್ಯವಾಗಿ ಎಷ್ಟು ದಿನ ಅನ್ನ ಹಾಕಿದರೂ ಒಂದು ಮಾರು ದೂರದಲ್ಲೇ ನಿಲ್ಲುತ್ತದೆ. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಎದುರು ಬಂದು, ಕೆನ್ನೆಯನ್ನು ನಿಮ್ಮ ಕಾಲಿಗೆ ಒತ್ತಿ ತನ್ನ ವಾಸನೆ ಹಚ್ಚುವ ಬೆಕ್ಕನ್ನು ಯಾರೋ ಮರಿಯಾಗಿದ್ದಾಗ ಎತ್ತಿ ಆಡಿಸಿದ್ದಾರೆ. ಯಾರು ಎಂಬುದನ್ನು ವಿಚಾರಿಸಿ. ಹಾಲಿನ ಬೂತಿನವರು, ಇಸ್ತ್ರಿ ಅಂಗಡಿಯವರು, ಹೂ ಮಾರುವವರು ಇಂಥ ವಿಷಯದಲ್ಲಿ ಎಲ್ಲ ಬಲ್ಲವರು. ಅವರಿಗೂ ತಿಳಿಯದಿದ್ದರೆ ಕತ್ತಿಗೆ ಸಡಿಲವಾಗಿ ಒಂದು ಕಾಗದದ ಪಟ್ಟಿ ಸುತ್ತಿ ಅಂಟಿಸಿ, ‘ಇದು ನಿಮ್ಮ ಬೆಕ್ಕೇ?’ ಎಂದು ಬರೆದು ನಿಮ್ಮ ಫೋನ್ ಸಂಖ್ಯೆ ಕೊಡಿ. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದ ಹರಿಯುತ್ತದೆ, ಬೆಕ್ಕಿಗೆ ಅಪಾಯವಿಲ್ಲ.

ನಮ್ಮ ಬೀದಿಯಲ್ಲಿ ಹೀಗೆ ವಿಚಾರಿಸಿದಾಗ, ನಾನು ಗೌರಿ ಎಂದು ಕರೆಯುತ್ತಿದ್ದ ಬೆಕ್ಕು ಇಸ್ತ್ರಿ ಅಂಗಡಿಯಲ್ಲಿ ಚಿನ್ನಿ, ಮೂಲೆ ಮನೆಯ ಮಕ್ಕಳಿಗೆ ಪುಟ್ಟಿ ಎಂದು ಗೊತ್ತಾಯಿತು. ಅದನ್ನು ಮರಿಯಿಂದ ಸಾಕಿದ್ದ ಸಂಸಾರ ಮನೆ ಖಾಲಿ ಮಾಡುವಾಗ ಬಿಟ್ಟು ಹೋಗಿತ್ತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಆದರೂ ಬಾಡಿಗೆ ಮನೆಗಳ ಈ ಊರಿನಲ್ಲಿ ಸಲಿಗೆಯ ಬೀದಿ ಬೆಕ್ಕುಗಳಲ್ಲಿ ಹಲವು ಹೀಗೆ ಹಿಂದೆ ಉಳಿದವೇ. ಅದಕ್ಕೇ ನಿಮ್ಮನ್ನೂ ಕೇಳುತ್ತೇನೆ: ನೀವು ಈ ಮನೆ ಬಿಡುವ ದಿನ ಅದನ್ನು ಕರೆದುಕೊಂಡು ಹೋಗುತ್ತೀರಾ? ಮನೆಯೊಳಗೆ ಬೆಳೆದ ಬೆಕ್ಕು ಹನ್ನೆರಡು, ಹದಿನೈದು ವರ್ಷ ಬದುಕುತ್ತದೆ. ಬಾಡಿಗೆ ಕರಾರು ಹನ್ನೊಂದು ತಿಂಗಳಿನದು.

ಮೂರು ಬಣ್ಣ ಎಂದಿರುವುದರಿಂದ ಅದು ಹೆಣ್ಣೇ ಎಂದುಕೊಳ್ಳಿ. ಕೇಸರಿ ಬಣ್ಣವನ್ನು ನಿರ್ಧರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಕೇಸರಿಯೂ ಕಪ್ಪೂ ಒಂದೇ ಮೈಮೇಲೆ ಕಾಣಬೇಕಾದರೆ ಎರಡು ಎಕ್ಸ್ ಬೇಕು, ಹಾಗಾಗಿ ಗಂಡಿನಲ್ಲಿ ಅದು ತೀರಾ ಅಪರೂಪ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದುಂಟು. ಆ ಮರಿಗಳ ಗತಿ ಏನೆಂದು ನಾನು ಕಣ್ಣಾರೆ ನೋಡಿದ್ದೇನೆ. ಮಳೆಗಾಲದಲ್ಲಿ ಚರಂಡಿ, ಬೇಸಿಗೆಯಲ್ಲಿ ವಾಂತಿಭೇದಿಯ ಸೋಂಕು, ಎಲ್ಲ ಕಾಲದಲ್ಲೂ ನಾಯಿ ಮತ್ತು ಕಾರು. ಬೆಚ್ಚಗಿರುತ್ತದೆಂದು ಎಂಜಿನ್ ಒಳಗೆ ಹತ್ತಿ ಮಲಗುವ ಮರಿಗಳಿವೆ. ನಮ್ಮ ಬೀದಿಯಲ್ಲಿ ಕಾರಿರುವವರೆಲ್ಲ ಈಗ ಬೆಳಿಗ್ಗೆ ಬಾನೆಟ್ ಮೇಲೆ ಎರಡು ಸಲ ತಟ್ಟಿಯೇ ಗಾಡಿ ತೆಗೆಯುತ್ತಾರೆ. ಬರೀ ಅನ್ನ ಹಾಕಿ ಆಪರೇಷನ್ ಮಾಡಿಸದೆ ಬಿಡುವುದನ್ನು ನಾನು ಒಪ್ಪುವುದೇ ಇಲ್ಲ. ಚೆನ್ನಾಗಿ ತಿಂದ ಬೆಕ್ಕು ಹೆಚ್ಚು ಮರಿ ಹಾಕುತ್ತದೆ, ಹೆಚ್ಚು ಮರಿಗಳು ಸಾಯುತ್ತವೆ.

ಎತ್ತಿಕೊಂಡು ಹೋಗುವ ಮುಂಚೆ ಅದರ ಎಡಗಿವಿಯ ತುದಿ ನೋಡಿ. ನೇರವಾಗಿ ಕತ್ತರಿಸಿದಂತಿದ್ದರೆ ಆಪರೇಷನ್ ಆಗಿಹೋಗಿದೆ ಎಂಬುದರ ಗುರುತು ಅದು. ಕಿವಿ ಪೂರ್ತಿ ಇದ್ದರೆ ಹೊಟ್ಟೆ ನೋಡಿ. ಮೊಲೆತೊಟ್ಟು ಕೆಂಪಗೆ ಉಬ್ಬಿ ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಮರಿಗಳಿವೆ. ಆಗ ಮರಿಗಳನ್ನು ಹುಡುಕಿ, ಅವು ತಾವೇ ತಿನ್ನಲು ಕಲಿಯುವವರೆಗೆ ಕಾಯಬೇಕು.

ಗೌರಿಯನ್ನು ಹಿಡಿಯಲು ನಮಗೆ ಬಲೆಯೇನೂ ಬೇಕಾಗಲಿಲ್ಲ. ಬೆಕ್ಕು ಒಯ್ಯುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಬಾಗಿಲು ತೆರೆದು ಮೆಟ್ಟಿಲ ಕೆಳಗಿಟ್ಟು, ಹಳೆಯ ಹತ್ತಿ ಸೀರೆಯ ತುಂಡು ಹಾಸಿ, ದಿನವೂ ಊಟವನ್ನು ಅದರ ಬಾಯಲ್ಲಿಟ್ಟೆವು. ಆಮೇಲೆ ತಟ್ಟೆಯನ್ನು ಬೆರಳಷ್ಟು ಬೆರಳಷ್ಟೇ ಒಳಕ್ಕೆ ಸರಿಸಿದೆವು. ಮೊದಮೊದಲು ಹಿಂಗಾಲುಗಳನ್ನು ಹೊರಗೇ ಊರಿ, ಕತ್ತು ಉದ್ದ ಮಾಡಿ, ಒಂದು ಕಿವಿಯನ್ನು ನಮ್ಮ ಕಡೆಗೇ ತಿರುಗಿಸಿಕೊಂಡು ತಿನ್ನುತ್ತಿತ್ತು. ವಾರ ಕಳೆಯುವುದರೊಳಗೆ ಪೂರ್ತಿ ಒಳಗೆ ಹೋಗಿ ತಿಂದು, ಅಲ್ಲೇ ಮುಖ ತೊಳೆದುಕೊಂಡು, ಸೀರೆಯ ತುಂಡಿನ ಮೇಲೆ ನಿದ್ದೆ ಹೋಯಿತು. ಆಸ್ಪತ್ರೆಗೆ ಹೊರಡುವ ದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದೆವು, ಅಷ್ಟೇ. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಇರಬೇಕು, ಎಷ್ಟು ಹೊತ್ತು ಎಂಬುದನ್ನು ವೈದ್ಯರನ್ನೇ ಕೇಳಿಕೊಳ್ಳಿ. ಮುಗಿದ ಮೇಲೆ ಹೆಣ್ಣು ಬೆಕ್ಕನ್ನು ಕೆಲವು ದಿನ ಬೀದಿಗೆ ಬಿಡದೆ ಒಂದು ಕೋಣೆಯಲ್ಲಿ ಇಟ್ಟುಕೊಂಡು ಗಾಯ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, 1991ರಿಂದ ಪ್ರಾಣಿಗಳಿಗಾಗಿ ದುಡಿಯುತ್ತಿರುವ ಕ್ಯೂಪಾ ಸಂಸ್ಥೆ ಇದೆ, ಬಡಾವಣೆಗೊಂದು ಖಾಸಗಿ ಚಿಕಿತ್ಸಾಲಯವಿದೆ. ಫೋನ್ ಮಾಡಿ, ಬೀದಿ ಬೆಕ್ಕು ಎಂದು ಹೇಳಿಯೇ ದರ ಕೇಳಿ. ಬೀದಿಯ ಪ್ರಾಣಿಗೆ ಕಡಿಮೆ ತೆಗೆದುಕೊಳ್ಳುವ ವೈದ್ಯರಿದ್ದಾರೆ.

ಊಟದ ವಿಷಯದಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿಗೂ ನನಗೂ ದೊಡ್ಡ ಚರ್ಚೆಯೇ ನಡೆಯಿತು. “ಬೆಕ್ಕಿಗೆ ಮೊಸರನ್ನ ಸಾಲದೇನಮ್ಮಾ? ನಮ್ಮ ತವರಿನಲ್ಲಿ ಅಷ್ಟೂ ಬೆಕ್ಕುಗಳು ಅದನ್ನೇ ತಿಂದು ಬದುಕಿದವು” ಎಂದರು. “ಅಜ್ಜಿ, ನಿಮ್ಮ ತವರಿನಲ್ಲಿ ಕಣಜವಿತ್ತು, ಕಣಜದಲ್ಲಿ ಇಲಿ ಇತ್ತು. ನೀವು ಹಾಕಿದ ಮೊಸರನ್ನ ಅದರ ಮೇಲಿನದು” ಎಂದೆ. ನಿಜವಾಗಿಯೂ ಅಷ್ಟೇ ವಿಷಯ. ಬೆಕ್ಕು ಮಾಂಸಾಹಾರಿಯೇ. ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಕಾಣಿಸದಂತಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯದ ಆ ಕಾಯಿಲೆಗೆ ಟಾರಿನ್ ಕೊರತೆ ಕಾರಣ ಎಂದು 1987ರಲ್ಲಿ ಸಂಶೋಧಕರು ತೋರಿಸಿಕೊಟ್ಟ ಮೇಲೆ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದರು. ಮನೆಯಲ್ಲಿ ಮೀನು ಬೇಯಿಸುವಂತಿಲ್ಲದಿದ್ದರೆ ಅಂಗಡಿಯ ಒಣ ಆಹಾರವೇ ಸಾಕು, ಪಕ್ಕದಲ್ಲಿ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ. ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಅದು ಅರಗದೆ ಭೇದಿಯಾಗುತ್ತದೆ. ಅಜ್ಜಿ ಈಗ ಒಣ ಆಹಾರದ ಡಬ್ಬವನ್ನು ತಮ್ಮ ಬಳಿಯೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಹಾಕುತ್ತಾರೆ. ನಾನು ಊರಿಗೆ ಹೋದಾಗ ಗೌರಿಗೆ ಅವರೇ ದಿಕ್ಕು.

ಮಾಲೀಕರ ವಿಷಯ. ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸಲು ನಿವಾಸಿಗಳ ಸಂಘಕ್ಕೆ ಅಧಿಕಾರವಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಸುತ್ತೋಲೆಯಲ್ಲಿ ಹೇಳಿದೆ. ಬೀದಿಯ ಪ್ರಾಣಿಗಳನ್ನು ಸಮುದಾಯದ ಪ್ರಾಣಿಗಳೆಂದು ಕರೆದು, ಅವುಗಳಿಗೆ ಊಟ ಹಾಕಲು ಜಾಗ ಗೊತ್ತುಮಾಡುವ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಂಘಗಳ ಮೇಲೂ ಹೊರಿಸಿವೆ. ಆದರೆ ಕಾನೂನಿನ ಕಾಗದ ಹಿಡಿದು ಮಾಲೀಕರ ಮುಂದೆ ನಿಲ್ಲಬೇಡಿ. ಬಾಡಿಗೆದಾರ ಮತ್ತು ಮಾಲೀಕರ ನಡುವೆ ಕರಾರು ಪತ್ರವಿದೆ, ಮುಂಗಡದ ಹಣ ಅವರ ಕೈಯಲ್ಲಿದೆ. ಅವರ ಭಯವೂ ಸುಳ್ಳಲ್ಲ: ಪರಚಿದ ಬಾಗಿಲು, ಮೂತ್ರದ ವಾಸನೆ, ತುಳಸಿ ಕುಂಡದ ಮಣ್ಣು ಕೆದರುವುದು. ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಹಾಳಾದದ್ದನ್ನು ನಾನೇ ಸರಿಮಾಡಿಸುತ್ತೇನೆ ಎಂದು ಮೊದಲೇ ಹೇಳಿ. ಒಪ್ಪಿದರೆ ಆ ಮಾತನ್ನು ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಮುಂಗಡದಲ್ಲಿ ಮುರಿದುಕೊಳ್ಳುವ ಹೊತ್ತಿಗೆ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ. ತುಳಸಿ ಕುಂಡದ ಮಣ್ಣಿನ ಮೇಲೆ ನಾಲ್ಕು ಗುಂಡುಕಲ್ಲು ಜೋಡಿಸಿದರೆ ಬೆಕ್ಕು ಅಲ್ಲಿ ಕೆದರುವುದಿಲ್ಲ. ಮೂಲೆಯಲ್ಲಿ ಮರಳಿನ ತಟ್ಟೆ ಇಟ್ಟರೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ.

ಒಳಗೆ ಸೇರಿಸಿಕೊಳ್ಳುವುದೇ ಆದರೆ ಬಾಲ್ಕನಿಗೆ ಪಾರಿವಾಳದ ಬಲೆ ಇದ್ದರೆ ಸಾಲದು, ಅದು ಬಿಗಿಯಾಗಿದೆಯೇ, ಕೆಳಗೆ ಸಂದಿಯಿದೆಯೇ ನೋಡಿ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಎಂಬುದು ಸುಳ್ಳು. ದವಡೆ, ಎದೆ, ಕಾಲು ಮುರಿದ ಬೆಕ್ಕುಗಳನ್ನು ಎಲ್ಲ ಪಶುವೈದ್ಯರೂ ನೋಡಿರುತ್ತಾರೆ. ಪ್ಯಾರಾಸಿಟಮಾಲ್ ಮಾತ್ರೆ ಅದಕ್ಕೆ ವಿಷ. ನಮಗೆ ಜ್ವರ ಬಂದಾಗ ನುಂಗುವ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನುಸಿಗುಳಿಗೆ, ಫಿನಾಯಿಲ್, ಈರುಳ್ಳಿ, ಬೆಳ್ಳುಳ್ಳಿ, ಲಿಲ್ಲಿ ಹೂ, ನಾಯಿಯ ಉಣ್ಣೆಗೆಂದು ಮಾರುವ ಪರ್ಮೆತ್ರಿನ್ ಔಷಧಿ ಇವೆಲ್ಲವನ್ನೂ ದೂರವಿಡಿ. ದಿನವಿಡೀ ನೀವಿಲ್ಲದ್ದರ ಬಗ್ಗೆ ಅಷ್ಟು ಚಿಂತೆ ಬೇಡ. ಬೆಳೆದ ಬೆಕ್ಕು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ, ನೀವು ಬರುವ ಸಂಜೆಯೇ ಅದಕ್ಕೆ ಚುರುಕಿನ ಹೊತ್ತು. ಒಂಟಿಯಾಗಿ ಬಿಡಬಾರದ್ದು ಮರಿಗಳನ್ನು. ಮರಿ ತರುವುದಾದರೆ ಜೋಡಿಯಾಗಿ ತನ್ನಿ.

ಆಟವಾಡುವಾಗ ಪರಚಿದರೂ ಕಚ್ಚಿದರೂ, ಎಷ್ಟೇ ಪರಿಚಯದ ಬೆಕ್ಕಾದರೂ, ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರ ಬಳಿ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ, ಬಂದ ಮೇಲೆ ಉಳಿಸುವ ಔಷಧಿಯೂ ಇಲ್ಲ. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಈ ಒಂದು ವಿಷಯದಲ್ಲಿ ದಯವಿಟ್ಟು ಸಸಾರ ಮಾಡಬೇಡಿ.

ಇಷ್ಟಾದ ಮೇಲೆ ಒಳಗೋ ಹೊರಗೋ ಎಂಬುದನ್ನು ಬೆಕ್ಕನ್ನೇ ಕೇಳಬಹುದು. ಒಂದು ರಜಾ ದಿನ ಬಾಗಿಲು ತೆರೆದಿಟ್ಟು, ಮರಳಿನ ತಟ್ಟೆ ಮತ್ತು ಊಟ ಒಳಗಿಟ್ಟು, ಸುಮ್ಮನೆ ನಿಮ್ಮ ಕೆಲಸ ನೋಡಿಕೊಳ್ಳಿ. ಒಳಗೇ ಬಂದು ಮಲಗಿ, ಬಾಗಿಲು ಮುಚ್ಚಿದಾಗಲೂ ಕೂಗಾಡದಿದ್ದರೆ ಅದು ಮನೆ ಬಯಸುವ ಬೆಕ್ಕು. ಗೌರಿ ಹಾಗಲ್ಲ. ಊಟ ಮುಗಿದ ಕೂಡಲೇ ಬಾಗಿಲ ಬಳಿ ನಿಂತು ಒಂದೇ ಸಮನೆ ಕೂಗುತ್ತದೆ, ತಾರಸಿಗಳ ಮೇಲೆ ಒಂದು ಸುತ್ತು ಹೋಗಿಬಂದರೇ ಅದಕ್ಕೆ ಸಮಾಧಾನ. ಅದನ್ನು ಕೂಡಿಹಾಕುವ ಯೋಚನೆಯನ್ನು ನಾನು ಬಿಟ್ಟುಕೊಟ್ಟೆ. ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಗುರುಗುಟ್ಟುತ್ತದೆ, ಕೈಯಿಟ್ಟರೆ ಬೆನ್ನುಮೂಳೆಯುದ್ದಕ್ಕೂ ಆ ಕಂಪನ ತಿಳಿಯುತ್ತದೆ. ಪ್ರಾಣಿಯೊಂದು ಜೊತೆಗಿರಬೇಕೆಂಬ ನನ್ನ ಆಸೆಗೆ ಅಷ್ಟು ಸಾಕಾಗಿದೆ. ನಿಮಗೆ ಸಾಲದಿದ್ದರೆ ತಪ್ಪಿಲ್ಲ, ದತ್ತು ಕೊಡುವ ಕೇಂದ್ರಗಳಲ್ಲಿ ಮನೆಗಾಗಿಯೇ ಕಾದಿರುವ ಬೆಕ್ಕುಗಳು ಬೇಕಾದಷ್ಟಿವೆ. ಹಣ ಕೊಟ್ಟು ಪರ್ಷಿಯನ್ ಮರಿ ಕೊಳ್ಳುವ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ ನೋಡಿ.

ಪೆಟ್ಟಿಗೆಯನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ನೀವು ದಕ್ಷಿಣ ಬೆಂಗಳೂರಿನವರಾದರೆ ಇಲ್ಲೇ ತಿಳಿಸಿ, ನಮ್ಮದನ್ನು ಎರವಲು ಕೊಡುತ್ತೇವೆ. ಕೆಳಗೆ ಹಾಸಲು ನಿಮ್ಮ ಹಳೆಯ ಬಟ್ಟೆಯನ್ನೇ ಬಳಸಿ, ನಿಮ್ಮ ವಾಸನೆ ಇದ್ದರೆ ಅದು ಬೇಗ ಒಳಗೆ ಕೂರುತ್ತದೆ.